ಗುರುಪಾದಪ್ಪನವರ ಟೋಪಿ

ಠಾಕುರ್ಲಿಯ ನಮ್ಮ ಚಾಳಿನ ಗುರುಪಾದಪ್ಪನವರು ಯಾರ ಮುಂದೆಯೂ ಟೋಪಿ ತೆಗೆಯುವುದಿಲ್ಲ. ತೆಗೆಯಿರಿ ಎಂದು ಯಾರೂ ಕೇಳುವುದಿಲ್ಲವೆನ್ನಿ. ಆದರೂ ಎಮರ್ಜೆನ್ಸಿಯಲ್ಲಿ ಪೊಲೀಸ್ ಸಾಹೇಬ ಬಂದಾಗ ಅದನ್ನು ಎರಡೂ ಕೈಯಿಂದ ಒತ್ತಿಕೊಂಡೇ ನಿಂತಿದ್ದರು. ನೌಪಾಡಾದ ರದ್ದಿ ಅಂಗಡಿಯಲ್ಲಿ ಸಿಕ್ಕ ಪುಸ್ತಕವೊಂದರಿಂದ, ಮುನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಬೋಧಕ ಜಾರ್ಜ್ ಫಾಕ್ಸ್ ಗುರುಪಾದಪ್ಪನವರಿಗೆ ಗುರುವಾಗಿದ್ದಾನೆ. “ದೇವರ ಪ್ರಾರ್ಥನಿಗೆ ಬಿಟ್ರ ಯಾರ ಮುಂದೂ ಟೋಪಿ ತೆಗೀಲಿಲ್ಲರೀ ಅವ. ಜೈಲಿಗೆ ಹೋದ!” ಎನ್ನುವಾಗ ತಾವೇ ಬಿಡುಗಡೆಯಾಗಿ ಬಂದವರಂತೆ ಕಾಣುತ್ತಾರೆ. ಫಾಕ್ಸ್ ನ್ಯಾಯಾಧೀಶನಿಗೂ ‘ನೀನು’ ಎನ್ನುತ್ತಿದ್ದನಂತೆ. “ಇಲ್ಲಿ ಹಂಗಂದ್ರ ಹಲ್ಲು ಉದುರಸ್ತಾರ” ಎಂದು ಇವರು ಎಲ್ಲರನ್ನೂ ಬಹುವಚನಕ್ಕೆ ಏರಿಸಿಬಿಟ್ಟಿದ್ದಾರೆ. ಬೆಕ್ಕಿಗೂ “ಕೆಳಗ ಇಳೀರಿ” ಎನ್ನುತ್ತಾರೆ. ಚಾಳಿನ ಸಭೆಯಲ್ಲಿ ಜಗಳ ಏರಿದರೆ, ಫಾಕ್ಸನ ಪಂಥದವರ ಪ್ರಾರ್ಥನಾ ಸಭೆಯಿಂದ ಕಲಿತ ಒಂದೇ ಮದ್ದು ಅವರದು: “ಎಲ್ಲಾರೂ ಸುಮ್ಮ ಕುಂದರ್ರಿ. ಒಳಗಿಂದ ಮಾತು ಬಂದವ್ರು ಎದ್ದು ಆಡ್ರಿ.” ಮೊನ್ನೆ ನಳದ ಜಗಳದಲ್ಲೂ ಹಾಗೇ ಕೂರಿಸಿದರು. ಹೋಟೆಲಿನ ವಾಸು ಬಾಯಿಗೆ ಬಂದ ಬೈಗುಳವನ್ನು ನುಂಗಿ ಕುಳಿತ. ಬಹಳ ಹೊತ್ತಿನ ಮೇಲೆ, ಸಭೆಯಲ್ಲಿ ಎಂದೂ ಬಾಯಿ ತೆರೆಯದ ಕಡೆಯ ಖೋಲಿಯ ಕಾಶವ್ವ ಎದ್ದು ನಿಂತಳು. “ನಮ್ಮ ಪಾಳಿ ಬರೂದ್ರಾಗ ನೀರು ನಿಂತ ಹೋಗತಾವ್ರಿ. ಒಂದ ದಿನಾ ಕಡೀ ಖೋಲಿಯಿಂದ ಪಾಳಿ ಸುರು ಆಗ್ಲಿ.” “ಆಯ್ತಕ್ಕ, ನಾಳೆ ನಿಮ್ಮಿಂದಲೇ ಸುರು ಮಾಡುವ” ಎಂದು ವಾಸು ಉಸಿರು ಬಿಟ್ಟ. ಇಡೀ ಚಾಳೇ ಹಗುರಾಯಿತು. ಕಾಶವ್ವ ಎದ್ದಾಗ ತೆಗೆದ ಟೋಪಿ ಇನ್ನೂ ಗುರುಪಾದಪ್ಪನವರ ತೊಡೆಯ ಮೇಲೇ ಇತ್ತು.