ಡಬ್ಬಿಯಲ್ಲಿ ಉಳಿದ ಮೂರು ಬಂಗುಡೆ

ಮೀನು ಸಾರು ಕೆಟ್ಟಿದೆಯೋ ಇಲ್ಲವೋ ಎಂದು ನಮ್ಮ ಕುಂದಾಪುರದ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಹುಳಿ, ಉಪ್ಪು, ಖಾರ ಸರಿಯಾಗಿ ಬಿದ್ದಿರಬೇಕು. ಬೆಳಿಗ್ಗೆ ಒಂದು ಕುದಿ, ಸಂಜೆ ಒಂದು ಕುದಿ ಬರಿಸಬೇಕು. ಅಷ್ಟು ಮಾಡಿದರೆ ಎರಡನೆಯ ದಿನದ ಸಾರಿಗೆ ಮೊದಲ ದಿನಕ್ಕಿಲ್ಲದ ರುಚಿ ಬರುತ್ತದೆ. ಅಮ್ಮ ಫ್ರಿಜ್ಜನ್ನು ಹಾಲಿಗೂ ಮಲ್ಲಿಗೆಗೂ ಇಟ್ಟುಕೊಂಡಿದ್ದಳೇ ಹೊರತು ಮೀನು ಸಾರನ್ನು ಅದರೊಳಗೆ ಇಟ್ಟದ್ದನ್ನು ನಾನು ನೋಡಿಲ್ಲ.

ಅಹಮದಾಬಾದಿನ ಅಂಚಿನ ಬೋಪಲ್ ಬಡಾವಣೆಯಲ್ಲಿ ನಾನು ಬಾಡಿಗೆಗೆ ಹಿಡಿದ ಫ್ಲ್ಯಾಟಿನಲ್ಲಿ ಆ ಒಂದು ಕುದಿ ಬರಿಸಲು ದಾರಿಯಿರಲಿಲ್ಲ.

ಅಹಮದಾಬಾದಿಗೆ ಬಂದ ಹೊಸದರಲ್ಲಿ ಐದು ಮನೆ ನೋಡಿದ್ದೆ. ಐದೂ ಕಡೆ ಬಾಡಿಗೆಯ ಮಾತಿಗಿಂತ ಮೊದಲು ಊಟದ ಮಾತು ಬಂತು. ಮೀನು ತಿನ್ನುತ್ತೇನೆ, ಆದರೆ ಇಲ್ಲಿ ಬೇಯಿಸುವುದಿಲ್ಲ ಎಂದು ನೇರವಾಗಿ ಹೇಳಿದೆ. ಐವರೂ ನಗುತ್ತಲೇ ನೀರು ಕೊಟ್ಟರು, ನಗುತ್ತಲೇ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಆರನೆಯ ಮನೆಯಲ್ಲಿ ಸಿಕ್ಕವರು ಬಾ. ಗುಜರಾತಿಯಲ್ಲಿ ತಾಯಿಯನ್ನು, ಮನೆಯ ಹಿರಿಯ ಹೆಂಗಸನ್ನು ಹಾಗೆ ಕರೆಯುತ್ತಾರೆ. ಫ್ಲ್ಯಾಟು ಅವರ ಕಿರಿಯ ಮಗನದು, ಅವನಿರುವುದು ವಡೋದರಾದಲ್ಲಿ. ಬಾ ಹಿರಿಯ ಮಗನ ಸಂಸಾರದೊಂದಿಗೆ ಎದುರು ಬಾಗಿಲಲ್ಲೇ ಇದ್ದಾರೆ. ಊರು ಯಾವುದು ಎಂದು ಕೇಳಿದರು. ಉಡುಪಿಯ ಹತ್ತಿರ ಎಂದೆ.

ಉಡುಪಿ ಎಂದದ್ದೇ ತಡ, ಬಾ ಅವರ ಮುಖ ಅರಳಿತು. "ಹಾಗಾದರೆ ನಮ್ಮವಳೇ! ಉಡುಪಿ ಹೋಟೆಲಿನವರಷ್ಟು ಶುದ್ಧ ಯಾರಿದ್ದಾರೆ?" ಎಂದು ಮಗನಿಗೆ ಫೋನಿನಲ್ಲಿ ಹೇಳಿಯೇಬಿಟ್ಟರು. ನಾನು ಸುಳ್ಳು ಹೇಳಲಿಲ್ಲ, ಅವರು ತಿಳಿದುಕೊಂಡದ್ದನ್ನು ತಿದ್ದಲಿಲ್ಲ ಅಷ್ಟೆ. ಆ ದಿನ ಅದು ಜಾಣತನ ಎನಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಮೂರು ತಿಂಗಳು ಸುಖವಾಗಿಯೇ ಕಳೆಯಿತು. ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ದಿನವಿಡೀ ಸ್ಯಾಂಪಲ್ ಪರೀಕ್ಷಿಸಿ ಇದು ಪಾಸು, ಇದು ಫೇಲು ಎಂದು ಸಹಿ ಹಾಕಿ, ಕಂಪನಿ ಬಸ್ಸಿನಲ್ಲಿ ಊರಿನ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ರಾಸಾಯನಿಕದ ಘಾಟಿಗೆ ಮೂಗು ಸತ್ತುಹೋಗಿರುತ್ತಿತ್ತು. ಬಾ ಆಗಾಗ ಮೆಂತ್ಯಸೊಪ್ಪಿನ ರೊಟ್ಟಿ, ಥೇಪ್ಲಾ ಕೊಡುತ್ತಿದ್ದರು. ನಾನು ದೋಸೆ ಮಾಡಿದ ದಿನ ಅವರ ಮನೆಗೆ ನಾಲ್ಕು ಹೋಗುತ್ತಿತ್ತು. ಶನಿವಾರ ಸಂಜೆ ಸೊಸೈಟಿ ಗೇಟಿನ ಪಕ್ಕದ ಗಾಡಿಯಲ್ಲಿ ಪಾಣಿಪುರಿ ತಿನ್ನುತ್ತಿದ್ದೆ. ಗಾಡಿಯವನು ಉತ್ತರದ ಕಡೆಯ ನಡುವಯಸ್ಸಿನ ಮನುಷ್ಯ. ನನ್ನ ಹಾಗೇ ಊರು ಬಿಟ್ಟು ಬಂದವನು. "ದೀದಿ, ನಿಮಗೆ ಖಾರ ಜಾಸ್ತಿ" ಎಂದು ಕೇಳದೆಯೇ ಹಾಕುತ್ತಿದ್ದ.

ಮೇ ತಿಂಗಳ ಒಂದು ಭಾನುವಾರ ಸೂರತ್‌ಗೆ ಹೋದೆ. ಚಿಕ್ಕಮ್ಮನ ಮನೆ ಅಡಾಜಣ್‌ನಲ್ಲಿ. ಚಿಕ್ಕಪ್ಪನದು ಸಣ್ಣ ಉಡುಪಿ ಹೋಟೆಲು. ಅಲ್ಲಿ ಈರುಳ್ಳಿ ಹಾಕದ ಸಾಂಬಾರಿಗೂ ಬೇರೆ ಪಾತ್ರೆ. ಮನೆಯಲ್ಲಿ ಮಾತ್ರ ಭಾನುವಾರ ಬಂತೆಂದರೆ ಬಂಗುಡೆ. ಹೊಟ್ಟೆ ಬಿರಿಯುವಷ್ಟು ತಿಂದು ಹೊರಟವಳ ಕೈಗೆ ಚಿಕ್ಕಮ್ಮ ಸ್ಟೀಲಿನ ಡಬ್ಬಿಯೊಂದನ್ನು ತುರುಕಿದಳು. ಐದು ಬಂಗುಡೆ, ಮುಳುಗುವಷ್ಟು ಸಾರು.

"ಅಲ್ಲ್ ಎದುರು ಬಾಗ್ಲಲ್ಲೇ ಬಾ ಇದ್ರ್ ಚಿಕ್ಕಿ, ಬೇಡ."

"ತಕಂಡ್ ಹೋಗ್ ಹೆಣೆ. ಕದ ಹಾಕಂಡ್ ತಿಂದ್ರೆ ಯಾರಿಗ್ ಗೊತ್ತಾತ್ತ್?"

ಬೇಡ ಎಂದದ್ದು ಬಾಯಿ ಮಾತ್ರ. ರೈಲಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಸಂಜೆ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಕಾಲೊರೆಸುವ ಬಟ್ಟೆ ತುರುಕಿ, ಬಿಸಿ ಅನ್ನಕ್ಕೆ ತಣ್ಣನೆಯ ಸಾರು ಹಾಕಿಕೊಂಡು ಎರಡು ಬಂಗುಡೆ ತಿಂದೆ. ಬೆವರು ಇಳಿಯುತ್ತಿತ್ತು. ಖುಷಿಗೆ ಕಣ್ಣಲ್ಲಿ ನೀರೂ ಬಂತು. ಉಳಿದ ಮೂರನ್ನು ಅಂದೇ ಮುಗಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆಸೆಬುರುಕಿ ನಾನು, ನಾಳೆಗಿರಲಿ ಎಂದೆ.

ಕುದಿ ಬರಿಸಬೇಕಿತ್ತು. ನನ್ನ ಅಡುಗೆಮನೆಯ ಫ್ಯಾನು ಗಾಳಿ ಬಿಡುವುದು ಎರಡು ಮನೆಗೂ ಸೇರಿದ ಕಿಂಡಿಗೆ. ನಾನು ಒಗ್ಗರಣೆಗೆ ಇಂಗು ಹಾಕಿದರೆ ಬಾ ಅಲ್ಲಿಂದಲೇ "ಇವತ್ತು ಸಾಂಬಾರಾ?" ಎನ್ನುತ್ತಿದ್ದರು. ಹಾಗಾಗಿ ಡಬ್ಬಿಗೆ ಎರಡು ಕವರು ಸುತ್ತಿ ಫ್ರಿಜ್ಜಿನ ಹಿಂದಕ್ಕೆ ತಳ್ಳಿ ಸೋಮವಾರ ಕೆಲಸಕ್ಕೆ ಹೋದೆ.

ಆ ಸಂಜೆ ಬಸ್ಸಿಳಿದಾಗ ಗೇಟಿನ ಬಳಿಯ ಸಿಮೆಂಟು ಬೆಂಚಿನಲ್ಲಿ ಬಾ ಕೂತಿದ್ದರು. ಪ್ರತಿ ಸಂಜೆ ಸೊಸೈಟಿಯ ನಾಲ್ಕೈದು ಹೆಂಗಸರು ಅಲ್ಲಿ ಕೂತು ಹೋಗುವವರ, ಬರುವವರ ಕೈಯಲ್ಲಿ ಏನಿದೆ ಎಂದು ವಿಚಾರಿಸುತ್ತಾರೆ. ಪ್ರೀತಿಯಿಂದಲೇ. "ಬೇಟಾ, ಮಾವಿನ ರಸ ಮಾಡಿದ್ದೆ. ನಮ್ಮ ಫ್ರಿಜ್ ತುಂಬಿತ್ತು, ನಿನ್ನ ಮನೆಯ ಕೀ ನನ್ನ ಹತ್ತಿರ ಇತ್ತಲ್ಲ, ನಿನ್ನ ಫ್ರಿಜ್ಜಿನಲ್ಲಿಟ್ಟೆ. ಒಳಗೆ ಏನೋ ಕೊಳೆತಿದೆ ನೋಡು, ಕೆಟ್ಟ ವಾಸನೆ. ನಿಂಬೆಹಣ್ಣು ಹೆಚ್ಚಿಟ್ಟು ಬಂದೆ. ನಾಳೆ ಬೆಳಿಗ್ಗೆ ನಮ್ಮ ಕೆಲಸದವಳನ್ನು ಕಳಿಸುತ್ತೇನೆ, ಪೂರ್ತಿ ಖಾಲಿ ಮಾಡಿ ತೊಳೆಯಲಿ."

ಮೇಲೆ ಹೋಗಿ ಡಬ್ಬಿ ತೆಗೆದು ಅಡುಗೆಕಟ್ಟೆಯ ಮೇಲಿಟ್ಟುಕೊಂಡು ನಿಂತೆ. ಮುಚ್ಚಳ ತೆರೆದು ಮೂಸಿದೆ. ಮೀನಿನ ವಾಸನೆಯೋ, ಕೆಟ್ಟ ಮೀನಿನ ವಾಸನೆಯೋ? ಬಾ ಅವರಿಗೆ ಎರಡೂ ಒಂದೇ. ನನಗೆ ಬೇರೆ ಬೇರೆಯಾಗಿ ಗೊತ್ತಾಗಬೇಕಿತ್ತು. ವಟ್ವಾದಿಂದ ಬಂದ ಮೂಗು ಏನೂ ಹೇಳಲಿಲ್ಲ. ನಾಲಿಗೆಯ ತುದಿಗೆ ಒಂದು ಹನಿ ಹಾಕಿದೆ. ಹುಳಿ. ಅದು ಹುಣಸೆಹಣ್ಣಿನದೋ, ಹಳಸಿದ್ದೋ? ಬೆಳಗಿನಿಂದ ಸಂಜೆವರೆಗೆ ಪಾಸು ಫೇಲು ಬರೆಯುವವಳಿಗೆ ಮೂರು ತುಂಡು ಮೀನಿನ ಮೇಲೆ ಸಹಿ ಹಾಕಲಾಗಲಿಲ್ಲ.

ಎಸೆಯುವುದಾದರೂ ಎಲ್ಲಿ? ನಮ್ಮ ಸೊಸೈಟಿಯ ಕಸದವಳು ಬಾಗಿಲಲ್ಲೇ ಬುಟ್ಟಿ ಸುರುವಿ ಹಸಿ ಕಸ, ಒಣ ಕಸ ಬೇರೆ ಮಾಡುತ್ತಾಳೆ. ಬಚ್ಚಲಿಗೆ ಸುರಿದರೆ ಮುಳ್ಳು ಸಿಕ್ಕಿಕೊಂಡು ಕೆಳಗಿನ ಮನೆಯ ಪೈಪು ಬಿಚ್ಚಬೇಕಾದೀತು. ಕೈಯಲ್ಲಿ ಹಿಡಿದು ಹೊರಗೆ ಹೋದರೆ ಬೆಂಚಿನಿಂದ ಪ್ರಶ್ನೆ ಬರುತ್ತದೆ, ಪ್ರಶ್ನೆಯ ಹಿಂದೆ ಬಾ ಅವರೇ ವಾಕಿಂಗಿಗೆ ಬರುತ್ತಾರೆ. ಬೇಯಿಸುವಂತಿಲ್ಲ, ಇಡುವಂತಿಲ್ಲ, ಬಿಸಾಡುವಂತಿಲ್ಲ. ನನ್ನದೇ ಅಡುಗೆಮನೆಯಲ್ಲಿ, ಬಾಡಿಗೆ ಕೊಟ್ಟುಕೊಂಡು, ಕಳ್ಳಿಯ ಹಾಗೆ ನಿಂತಿದ್ದೆ. ಸಿಟ್ಟು ಬಂತು. ಬಾ ಅವರ ಮೇಲೆ, ಚಿಕ್ಕಮ್ಮನ ಮೇಲೆ, ಬಂಗುಡೆಯ ಮೇಲೆ. ನಿಜ ಹೇಳಬೇಕೆಂದರೆ ಎಸೆಯಲು ಮನಸ್ಸೂ ಇರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ.

"ಚಿಕ್ಕಿ ಕೊಟ್ಟ ನಿನ್ನೆ ಮಧ್ಯಾಹ್ನದ್ ಸಾರ್ ಅಮ್ಮಾ, ತಿನ್ಲಕ್ಕಾ?"

"ಎಂತಾ ಆತಿಲ್ಲೆ. ಹುಳಿ ಹಾಕಿದ್ದಲ್ದಾ? ಕುದಿ ಬರ್ಸಿದ್ಯಾ?"

"ಹ್ಞೂಂ, ಎರಡ್ ಹೊತ್ತೂ ಬರ್ಸಿದೆ."

"ಹಂಗಾರೆ ತಿನ್ನ್. ಚೆಲ್ಬೇಡ, ಪಾಪ, ಅವ್ಳ್ ಪ್ರೀತಿಯಂಗ್ ಕೊಟ್ಟದ್."

ಬೇಕಾದ ಉತ್ತರ ಸಿಕ್ಕಿತು. ಸುಳ್ಳು ಹೇಳಿ ಪಡೆದ ಉತ್ತರವೆಂದು ಗೊತ್ತಿದ್ದೂ, ಅಮ್ಮನೇ ಹೇಳಿದಳಲ್ಲ ಎಂದು ಮನಸ್ಸನ್ನು ಒಪ್ಪಿಸಿದೆ. ನಿಂತುಕೊಂಡೇ ಮೂರೂ ಬಂಗುಡೆ ತಿಂದೆ. ನಿನ್ನೆಯ ರುಚಿ ಇರಲಿಲ್ಲ, ನಾಲಿಗೆ ಚುರುಗುಟ್ಟಿತು. ಡಬ್ಬಿಯನ್ನು ಮೂರು ಸಲ ನಿಂಬೆ ಹಚ್ಚಿ ತಿಕ್ಕಿದೆ. ಮುಳ್ಳುಗಳನ್ನು ಪೇಪರಿನಲ್ಲಿ ಸುತ್ತಿ, ಮೂರು ಕವರಿನಲ್ಲಿ ಗಂಟು ಹಾಕಿ, ಮಾರನೆಯ ದಿನ ವಟ್ವಾದಲ್ಲಿ ಎಸೆಯೋಣವೆಂದು ಕೈಚೀಲದೊಳಗಿಟ್ಟು ಜಿಪ್ ಎಳೆದೆ. ಅಲ್ಲಿ ಯಾರೂ ಯಾವ ವಾಸನೆಯ ಬಗ್ಗೆಯೂ ಕೇಳುವುದಿಲ್ಲ.

ಸ್ವಲ್ಪ ಹೊತ್ತಿಗೆಲ್ಲ ಮುಖ, ಕುತ್ತಿಗೆ ಕೆಂಪೇರಿ ಉರಿಯತೊಡಗಿತು. ತಲೆ ಸಿಡಿಯಿತು. ಆಮೇಲೆ ವಾಂತಿ ಹಿಡಿಯಿತು. ಬೆಳಿಗ್ಗೆ ಫ್ರಿಜ್ ತೊಳೆಯಲು ಬಂದ ಕೆಲಸದವಳಿಗೆ ಗೋಡೆ ಹಿಡಿದುಕೊಂಡು ಬಾಗಿಲು ತೆರೆದೆ. ಅವಳು ನನ್ನನ್ನು ನೋಡಿದವಳೇ ಬಾ ಅವರನ್ನು ಕರೆದಳು.

ಬಾ ಬಂದವರು ಮಂಚದ ಮೇಲೆ ನನ್ನ ತಲೆಯನ್ನು ತೊಡೆಗಿಟ್ಟುಕೊಂಡು ಒದ್ದೆ ಬಟ್ಟೆಯಿಂದ ಮುಖ ಒರೆಸಿದರು. ಕೆಳಗಿನ ಅಂಗಡಿಸಾಲಿನ ಡಾಕ್ಟರನ್ನು ಮನೆಗೇ ಕರೆಸಿದರು. ಅಷ್ಟು ಅಕ್ಕರೆ ನನಗೆ ತಡೆದುಕೊಳ್ಳಲಾಗಲಿಲ್ಲ. ಚೀಲ ಅವರ ತಲೆಯ ಮೇಲಿನ ಮೊಳೆಯಲ್ಲೇ ನೇತಾಡುತ್ತಿತ್ತು. "ಆಫೀಸಿಗೆ ಹೇಳಬೇಕಲ್ಲ, ನಿನ್ನ ಫೋನ್ ಚೀಲದಲ್ಲಿದೆಯಾ?" ಎಂದು ಬಾ ಜಿಪ್ಪಿಗೆ ಕೈ ಹಾಕಿದರು.

"ಬೇಡ ಬಾ! ದಿಂಬಿನಡಿ ಇದೆ" ಎಂದು ಕಿರುಚಿಯೇಬಿಟ್ಟೆ.

ಬಾ ನನ್ನನ್ನೇ ನೋಡಿದರು. ಡಾಕ್ಟರೂ ನೋಡಿದರು. "ಏನು ತಿಂದಿದ್ದಿ?" ಎಂದು ಡಾಕ್ಟರು ಕೇಳಿದರು. ನನ್ನ ಕಣ್ಣು ಚೀಲದತ್ತ ಹೋಯಿತು, ಅವರಿಬ್ಬರದೂ ಹೋಯಿತು. "ಹೊರಗಿನದು ಏನಾದರೂ? ಶನಿವಾರ ತಿಂದ ಗೇಟಿನ ಪಾಣಿಪುರಿ?" ಎಂದರು ಬಾ.

ಹೌದೆಂದು ತಲೆ ಆಡಿಸಿದೆ. ಅಷ್ಟೇ ನಾನು ಮಾಡಿದ್ದು.

ಮೊದಲು ಸಮಾಧಾನವಾಯಿತು. ಇಬ್ಬರ ಕಣ್ಣೂ ಚೀಲದಿಂದ ಸರಿದವು. ಬಾ ಹೋಗಿ ತುಪ್ಪ ಹಾಕಿ ಕಿವುಚಿದ ಖಿಚಡಿ ತಂದರು, ಜೀರಿಗೆ ಹಾಕಿದ ಮಜ್ಜಿಗೆ ತಂದರು, ಹೋಗುವಾಗ ಫ್ರಿಜ್ ತೊಳೆಸಿಯೇ ಹೋದರು. ನಾನು ಬದುಕಿಕೊಂಡೆ ಎಂದುಕೊಂಡೆ.

ಬುಧವಾರ ಸಂಜೆ ಕೆಳಗೆ ಗಲಾಟೆ ಕೇಳಿತು. ಮಜ್ಜಿಗೆಯ ಲೋಟ ಹಿಡಿದುಕೊಂಡು ಮೂರನೆಯ ಮಹಡಿಯ ಬಾಲ್ಕನಿಗೆ ಬಂದೆ. ಪಾರಿವಾಳ ಬಾರದಂತೆ ಕಟ್ಟಿದ ಬಲೆಯ ಹಿಂದೆ ನಿಂತು ನೋಡಿದೆ. ಬೆಂಚಿನ ಹೆಂಗಸರೆಲ್ಲ ಗಾಡಿಯ ಸುತ್ತ ನಿಂತಿದ್ದರು, ಸೊಸೈಟಿ ಕಮಿಟಿಯವರೂ ಇದ್ದರು. ಬಾ ಎಲ್ಲರಿಗಿಂತ ಮುಂದೆ. "ನಮ್ಮ ಹುಡುಗಿ ಸಾಯುತ್ತಿದ್ದಳು!" ಎಂದು ಬಾ ಕೂಗಿದ್ದು ಮೇಲಿನವರೆಗೂ ಕೇಳಿತು. ನಮ್ಮ ಹುಡುಗಿ ಎಂದರು. ಗಾಡಿಯವನು ಪಾಣಿಯ ಗಡಿಗೆಯ ಮುಚ್ಚಳ ತೆಗೆದು ಒಬ್ಬೊಬ್ಬರಿಗೂ ತೋರಿಸಿದ. ಯಾರೂ ಬಗ್ಗಿ ನೋಡಲಿಲ್ಲ. ಆಗ ಅವನು ದೊಡ್ಡ ಲೋಟ ತೆಗೆದುಕೊಂಡು ಆ ಖಾರದ ನೀರನ್ನು ತುಂಬಿಸಿ ಎಲ್ಲರೆದುರು ಗಟಗಟ ಕುಡಿದ. ಇನ್ನೊಂದು ಲೋಟ ಕುಡಿದ. ಮೂರನೆಯದಕ್ಕೆ ಕೆಮ್ಮು ಹತ್ತಿ, ಕಣ್ಣೊರೆಸಿಕೊಂಡು ಮತ್ತೆ ಬಾಯಿಗಿಟ್ಟ.

ಮೂರು ಮಹಡಿ ಇಳಿಯಲು ಎಷ್ಟು ಹೊತ್ತು? ಲಿಫ್ಟು ಕೂಡ ಇತ್ತು. ಇಳಿದು ಒಂದೇ ಮಾತು ಹೇಳಿದರೆ ಸಾಕಿತ್ತು. ಆ ಮಾತಿನ ಜೊತೆಗೆ ಮನೆ ಹೋಗುತ್ತಿತ್ತು, ಬಾ ಅವರ ಮಡಿಲು ಹೋಗುತ್ತಿತ್ತು, ಏಳನೆಯ ಮನೆ ಹುಡುಕಬೇಕಾಗುತ್ತಿತ್ತು. ನಾಚಿಕೆಯಿಂದ ಮೈ ಬಿಸಿಯಾಯಿತು, ಆದರೂ ಕಾಲು ಕೀಳಲಿಲ್ಲ. ಅವನು ಗಾಡಿ ತಳ್ಳಿಕೊಂಡು ತಿರುವು ದಾಟುವವರೆಗೂ ನೋಡಿ ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಮರುದಿನ ಮುಳ್ಳಿನ ಗಂಟನ್ನು ವಟ್ವಾದಲ್ಲಿ ಎಸೆದೆ. ಯಾರೂ ಏನೂ ಕೇಳಲಿಲ್ಲ.

ಈಗಲೂ ಅದೇ ಮನೆಯಲ್ಲಿದ್ದೇನೆ. ಹೊಸದಾಗಿ ಬಂದವರಿಗೆಲ್ಲ ಬಾ ನನ್ನ ಕಥೆ ಹೇಳುತ್ತಾರೆ, ನಾನು ಪಕ್ಕದಲ್ಲಿ ನಿಂತು ಹೌದು ಹೌದು ಎನ್ನುತ್ತೇನೆ. ಪ್ರತಿ ಸಲವೂ ಹೊಸದಾಗಿ ಅದೇ ಸುಳ್ಳು. ಬಾ ಅವರ ಪ್ರೀತಿ ಹೆಚ್ಚಾದಷ್ಟೂ ನನಗೆ ಈ ಮನೆಯಲ್ಲಿ ಉಸಿರಾಡುವುದು ಕಷ್ಟವಾಗುತ್ತದೆ.

ಚಳಿಗಾಲದಲ್ಲಿ ಒಂದು ಸಂಜೆ ದೂರದ ಬೇರೊಂದು ಸರ್ಕಲ್ಲಿನಲ್ಲಿ ಆ ಗಾಡಿ ಕಂಡಿತು. ಆಗಷ್ಟೇ ಕೊಂಡಿದ್ದ ಸ್ಕೂಟರ್ ನಿಲ್ಲಿಸಿದೆ. ಹೇಳಿಬಿಡೋಣವೆಂದೇ ಹೋದೆ. ಅವನು ಗುರುತು ಹಿಡಿದು, "ದೀದಿ, ಆರೋಗ್ಯ ಹೇಗಿದೆ ಈಗ?" ಎಂದು ಕೇಳಿದ. ಕಾಯಿಲೆ ಬಿದ್ದವಳು ನಾನೇ ಎಂದು ಅವನಿಗೆ ಗೊತ್ತಿತ್ತು. ದೊನ್ನೆ ಕೊಡುವ ಮೊದಲು ಅವನು ಮುಚ್ಚಳ ತೆಗೆದ ಗಡಿಗೆಯನ್ನು ನನ್ನ ಮುಖದ ಹತ್ತಿರ ಹಿಡಿದ.

"ಮೊದಲು ಮೂಸಿ ನೋಡಿ ದೀದಿ. ಆವತ್ತಿನಿಂದ ಎಲ್ಲರಿಗೂ ಹೀಗೇ ತೋರಿಸಿ ಕೊಡುತ್ತೇನೆ. ಅದು ಹೇಗೆ ಕೆಟ್ಟಿತ್ತೋ, ನನಗೆ ಇನ್ನೂ ಗೊತ್ತಾಗಿಲ್ಲ."

ಬಗ್ಗಿ ಮೂಸಿದೆ. ಆಗಷ್ಟೇ ಅರೆದ ಪುದೀನಾ, ಹಸಿಮೆಣಸು, ಕಪ್ಪುಪ್ಪು.

"ಚೆನ್ನಾಗಿದೆ" ಎಂದೆ. ಅದಕ್ಕಿಂತ ಹೆಚ್ಚು ಹೇಳಲಾಗದೆ ಆರು ಪುರಿ ತಿಂದು ಬಂದೆ.