ನನ್ನ ಹೆಸರಿಗೆ ಇಬ್ಬರು ಓಗೊಡುತ್ತಿದ್ದೆವು

ಭಾಗ್ಯಾ, ಶರಣೂ, ನಿನ್ನೆ ಸಂಜೆ ನೀವು ನೋಡುತ್ತಿದ್ದ ಧಾರಾವಾಹಿಯಲ್ಲಿ ರೈಲಿನ ಸೀಟಿ ಕೇಳಿ, ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಎದ್ದು ಬಂದು ನೋಡಿದೆ. ರೇಷ್ಮೆ ಸೀರೆಯುಟ್ಟ ಹೆಂಡತಿ ಗಂಡನ ಹೆಸರು ಹಿಡಿದು ಕೂಗುತ್ತ ಸ್ಟೇಷನ್ನಿನಲ್ಲಿ ಓಡುತ್ತಿದ್ದಳು. ಅವಳು ಅತ್ತು, ಮಾತಾಡಿ, ತಪ್ಪಾಯಿತೆಂದು ಹೇಳಿ ಮುಗಿಸುವವರೆಗೂ ರೈಲು ನಿಂತೇ ಇತ್ತು. ಟೀವಿಯವರ ರೈಲು ಅಷ್ಟು ಹೊತ್ತು ಹೇಗೆ ಕಾಯುತ್ತದೆ? ಕೇಳಬೇಕೆಂದಿದ್ದೆ. ನೀವು ನಗುತ್ತೀರೆಂದು ನಾಚಿಕೆಯಾಗಿ ಒಳಗೆ ಹೋದೆ.

ನಾನು ಸಣ್ಣವಳಿದ್ದಾಗ ಶಹಾಬಾದಿನಲ್ಲಿ ನಮ್ಮದೊಂದು ಮನೆಯಿತ್ತು. ಗೋಡೆ, ಮಾಳಿಗೆ, ನೆಲ ಎಲ್ಲವೂ ಪರ್ಸಿ ಕಲ್ಲಿನ ಚಪ್ಪಡಿ. ಬೇಸಿಗೆಯ ಸಂಜೆ ಅವ್ವ ಅಂಗಳಕ್ಕೆ ನೀರು ಚೆಲ್ಲಿದರೆ ಕಾದ ಕಲ್ಲಿನಿಂದ ಮಳೆಯಂಥದೇ ಒಂದು ವಾಸನೆ ಏಳುತ್ತಿತ್ತು. ಗಣಿಯಿಂದ ಬಂದ ಅಪ್ಪ ಆ ತಂಪಿನ ಮೇಲೆ ಅಂಗಾತ ಮಲಗುತ್ತಿದ್ದ. ಅವ್ವ ಒಮ್ಮೆಯೂ ಅಪ್ಪನ ಹೆಸರು ಹೇಳಿದವಳಲ್ಲ. ಊಟಕ್ಕೆ ಕರೆಯಬೇಕಾದರೆ "ನಾಗೀ" ಎಂದು ನನ್ನ ಹೆಸರನ್ನೇ ಕೂಗುತ್ತಿದ್ದಳು. ನಾವಿಬ್ಬರೂ "ಓ" ಅನ್ನುತ್ತಿದ್ದೆವು. ನನ್ನ ಗಂಡನನ್ನು, ಅಂದರೆ ನಿಮ್ಮ ಮುತ್ಯಾನನ್ನು, ನಾನು ಕರೆದದ್ದೂ ನಿಮ್ಮಪ್ಪನ ಹೆಸರಿನಿಂದಲೇ. ಈಗ ಆ ಮನೆ ಇಲ್ಲ, ಹಾಗೆ ಕರೆಯುವವರೂ ಇಲ್ಲ.

ಒಮ್ಮೆ ಸೇಡಮಿಗೆ ಹೊರಟಿದ್ದೆವು. ವಾಡಿ ಸ್ಟೇಷನ್ನಿನಲ್ಲಿ ರೈಲುಗಾಡಿ ಬದಲಿಸಿ ಕುಳಿತ ಮೇಲೆ ಅಪ್ಪ ತಂಬಿಗೆ ಹಿಡಿದು ನೀರಿಗೆಂದು ಇಳಿದ. ನಳದ ಹತ್ತಿರ ಜನವೋ ಜನ. ಅಷ್ಟರಲ್ಲಿ ಗಾಡಿ ಅಲುಗಿತು. ಅವ್ವ ಬಾಗಿಲಿಗೆ ಓಡಿದಳು. ಟಿಕೇಟು, ರೊಕ್ಕ ಎಲ್ಲ ಅಪ್ಪನ ಹತ್ತಿರ. ಅವಳು ಒಬ್ಬಳೇ ಎಂದೂ ಗಾಡಿಯಲ್ಲಿ ಹೋದವಳಲ್ಲ. ಅಪ್ಪ ನಮಗೆ ಬೆನ್ನು ಮಾಡಿ ನಿಂತಿದ್ದ.

"ಹೆಸರ್ಹಿಡಿದು ಕರೀಬೇ, ಗಾಡಿ ಹೊಂಟದ!" ಎಂದು ಪಕ್ಕದಲ್ಲಿದ್ದ ಮುದುಕಿ ಒದರಿದಳು.

ಅವ್ವ ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೆ ತೆರೆದು, "ನಾಗೀ! ಏ ನಾಗೀ!" ಎಂದು ಚೀರಿದಳು.

ಅವಳ ಸೆರಗು ಹಿಡಿದು ನಿಂತಿದ್ದ ನಾನು, "ಯವ್ವಾ, ನಾ ಇಲ್ಲೇ ಅದೀನಲ್ಲ!" ಎಂದೆ. ಡಬ್ಬಿಯವರೆಲ್ಲ ಗೊಳ್ಳೆಂದು ನಕ್ಕರು. ಆದರೆ ಅಷ್ಟು ಜನರೊಳಗೆ ಒಬ್ಬ ಗಂಡಸು ಮಾತ್ರ ತಿರುಗಿ ನೋಡಿದ. ನೀರು ತುಳುಕಿಸುತ್ತ ಓಡಿಬಂದು ಸರಳು ಹಿಡಿದು ಹತ್ತಿದ.

ಟೀವಿಯಲ್ಲಾಗಿದ್ದರೆ ಇಬ್ಬರೂ ಅಪ್ಪಿಕೊಳ್ಳುತ್ತಿದ್ದರು. ಅವ್ವ ತಂಬಿಗೆ ಇಸಕೊಂಡು ಒಳಗೆ ಇಣುಕಿ ನೋಡಿದಳು. "ನಾಗೀ, ನಿಮ್ಮಪ್ಪ ಅರ್ಧಾ ನೀರು ಚೆಲ್ಲ್ಯಾರ ನೋಡು," ಎಂದಳು. ಅಪ್ಪ ಉಸಿರು ಬಿಡುತ್ತ, "ನಾಗೀ, ಕೂಗೋದ್ರಾಗ ನಿಮ್ಮವ್ವ ಇಂಜಿನ್ನೂ ಮೀರಿಸ್ಯಾಳಂತ ಹೇಳು," ಎಂದ. ಸೇಡಂ ಬರುವವರೆಗೂ ಅವ್ವ ಆ ತಂಬಿಗೆ ಕೆಳಗಿಡಲಿಲ್ಲ.

ಅಪ್ಪ ಮೊದಲು ಹೋದ. ಎಷ್ಟೋ ವರ್ಷಗಳ ಮೇಲೆ ಅವ್ವ ನನ್ನ ಮನೆಯಲ್ಲೇ ಕಣ್ಣು ಮುಚ್ಚಿದಳು. ಆ ಮಧ್ಯಾಹ್ನ "ನಾಗೀ, ನಾಗೀ" ಎಂದು ಕರೆದಳು. ಕೈ ಹಿಡಿದು "ಇಲ್ಲೇ ಅದೀನಿ ಯವ್ವಾ" ಎಂದೆ. ಅವಳು ನನ್ನ ಕೈ ಮೆಲ್ಲಗೆ ಸರಿಸಿ, ಬಾಗಿಲ ಕಡೆ ನೋಡಿ ಮತ್ತೆ ಕರೆದಳು. ನಾನು ಎದ್ದು ಪಕ್ಕಕ್ಕೆ ಸರಿದು ಕುಳಿತೆ.

ಆ ಕೂಗು ಯಾವ ಟೀವಿಯಲ್ಲೂ ಬರಲಿಕ್ಕಿಲ್ಲ, ಮಕ್ಕಳೇ. ಈ ಹಾಳೆಗಳಲ್ಲಿ ಬರೆದಿದ್ದೇನೆ. ಹರಿಯದಂತೆ ಜೋಪಾನವಾಗಿ ಇಟ್ಟುಕೊಳ್ಳಿ.