ದೊರೆ ಬಿಟ್ಟುಕೊಟ್ಟ ಅನುಮಾನ

ಯುದ್ಧದ ಕಾಲದಲ್ಲಿ ಹೊಸೂರಿನ ಕಡೆ ದನದ ಡಾಕ್ಟರಾಗಿದ್ದ ಇಂಗ್ಲಿಷ್ ದೊರೆಯೊಬ್ಬನ ಜತೆ ದುಭಾಷಿಯಾಗಿ ಅಲೆದೆ. ಮಿಲಿಟರಿ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತ ಕಲಿತ ಇಂಗ್ಲಿಷು ನನ್ನದು.

ಉದ್ದನಪಲ್ಲಿಯಲ್ಲಿ ಬಿತ್ತನೆ ಹತ್ತಿರವಿರುವಾಗಲೇ ಮುನಿಯಮ್ಮ ಅನ್ನೋ ರೈತ ಹೆಂಗಸಿನ ಜೋಡೆತ್ತಿನಲ್ಲಿ ಒಂದು ಕಾಯಿಲೆ ಬಿದ್ದು ನೆಲ ಹಿಡಿದಿತ್ತು. ದೊರೆ ಅದರ ಹೊಟ್ಟೆ ಮುಟ್ಟಿ ನೋಡಿ, ಔಷಧಿ ಕುಡಿಸಿ, ಮೆತ್ತಗೆ ಏನೇನೋ ಹೇಳಿದ. ನಾನು, "ಉಳಿಯಲ್ವಂತೆ ಕಣಮ್ಮ" ಅಂದೆ.

"ದೊರೆ ಅಷ್ಟುದ್ದ ಮಾತಾಡ್ದ. ಮಿಕ್ಕಿದ್ದನ್ನ ನುಂಗ್ಬುಟ್ಟಾ?"

"ಮಿಕ್ಕಿದ್ದು ಬರೀ ಉಪಚಾರದ ಮಾತು. 'ನನಗನ್ನಿಸೋದು, ಬಹುಶಃ, ನಾನು ತಪ್ಪಿರಲೂಬಹುದು' ಅಂತ. ಮಳೇಲಿ ನೆನೀತಾ ನಿಂತು 'ಮಳೆ ಬರೋ ಹಂಗೆ ಕಾಣ್ತದೆ' ಅನ್ನೋ ಜನ ಅವ್ರು."

"ತಪ್ಪಿರಬಹುದು ಅಂದ್ನಾ? ಅದನ್ನ ಮೊದ್ಲು ಹೇಳ್ಬಾರ್ದೇನ್ಲಾ!" ಅಂದವಳೇ ಬಿದಿರ ಕೊಳವೆಯ ಗೊಟ್ಟ ತಂದು ಎತ್ತಿಗೆ ರಾಗಿ ಗಂಜಿ ಕುಡಿಸಲು ಕೂತಳು.

ಮುಂದಿನ ವಾರ ಹೋದರೆ ಎತ್ತು ನಿಂತು ಹುಲ್ಲು ಮೇಯುತ್ತಿತ್ತು. ದೊರೆ ಅದರ ಬೆನ್ನು ಸವರಿ, ಮುಖ ಅರಳಿಸಿ ಏನೋ ಅಂದ.

"'ಬಹುಶಃ ಉಳೀತು ಅನ್ನಿಸ್ತದೆ' ಅಂತೆ" ಅಂದೆ.

"ಆ ಬಹುಶಃ ಗಿಹುಶಃ ಈಗ ಬ್ಯಾಡ. ತೆಗ್ದಾಕಿ ಹೇಳು" ಅಂದಳು ಮುನಿಯಮ್ಮ.

ತೆಗೆದು ಹೇಳಿದೆ. ಎತ್ತು ಉಳಿದದ್ದು ಔಷಧಿಯಿಂದಲೋ ಗಂಜಿಯಿಂದಲೋ? ಬಹುಶಃ ಗಂಜಿಯಿಂದ ಅಂತ ನನಗನ್ನಿಸುತ್ತದೆ. ನಾನು ತಪ್ಪಿರಲೂಬಹುದು.